ನೊಣಗಳ ಶ್ರಾವಣ

ಮದುವೆಯಾದ ಮೊದಲ ವರ್ಷ ನನ್ನ ಗಂಡ ನನಗೆ ತಂದುಕೊಟ್ಟ ಉಡುಗೊರೆ ಒಂದು ಗಡಿಗೆ ನೊಣ. ಓಣಿಯ ಉಳಿದ ಹೊಸ ಸೊಸೆಯಂದಿರು ಇಳಕಲ್ಲ ಸೀರೆ, ಬುಗುಡಿ ತೋರಿಸುತ್ತಿದ್ದಾಗ ನಾನು ಗಡಿಗೆಯ ಮೇಲಿನ ಒದ್ದೆ ಅರಿವೆ ಸರಿಸಿ, "ನೋಡ್ರಿ, ನಮ್ಮವರು ತಂದಾರ" ಎನ್ನಬೇಕಾಗಿತ್ತು. ಇದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. "ಅಜ್ಜಿ ಪುರಾಣ ಸುರು ಆತು" ಎಂದು ಎದ್ದು ಹೋಗುತ್ತಾರೆ. ಹೋಗಲಿ. ಕೂತವರಿಗೆ ಹೇಳುತ್ತೇನೆ.

ಮೂವತ್ತರ ದಶಕ ಇನ್ನೂ ಎಳೆಯದಾಗಿದ್ದ ಕಾಲ. ನಮ್ಮ ಮನೆ ಅಕ್ಕಲಕೋಟೆಯಲ್ಲಿ, ಗಂಡನ ಕೆಲಸ ಸೊಲ್ಲಾಪುರದಲ್ಲಿ. ಮಾವ ಮತ್ತು ಮೈದುನ ಮಳೆಗಾಲ ಹತ್ತಿದರೆ ಹೊಲದ ವಸ್ತಿಯಲ್ಲೇ ಇರುತ್ತಿದ್ದರು, ಊಟಕ್ಕೆ ಬಂದರೆ ಬಂದರು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ನಾನು ಮತ್ತು ಅತ್ತೆ. ಗಂಡ ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದರು. ಹೊಸ ಹೆಂಡತಿಗೆ ವಾರಕ್ಕೊಮ್ಮೆ ಸಿಗುವ ಗಂಡ ಎಂದರೆ ಹಬ್ಬದ ಹೋಳಿಗೆ ಇದ್ದ ಹಾಗೆ. ರುಚಿ ಹತ್ತುವಷ್ಟರಲ್ಲಿ ತಾಟು ಖಾಲಿಯಾಗಿರುತ್ತಿತ್ತು.

ಗಂಡ ಸೊಲ್ಲಾಪುರದಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಸಹಾಯಕರಾಗಿದ್ದರು. ಡಾಕ್ಟರು ಪುಣೆ ಕಡೆಯವರು, ಮರಾಠಿ ಮಾತಿನವರು, ಮನುಷ್ಯರ ನಾಡಿ ಹಿಡಿಯುವುದಕ್ಕಿಂತ ನೊಣದ ಹೊಟ್ಟೆ ಬಗೆದು ನೋಡುವುದರಲ್ಲೇ ಹೆಚ್ಚು ಸುಖಪಡುವವರು. ಪ್ರತಿ ವರ್ಷ ಬೇಸಿಗೆ ಮುಗಿದು ಮಳೆ ಹತ್ತುವಾಗ ಸೊಲ್ಲಾಪುರದ ಗಿರಣಿ ಚಾಳುಗಳಲ್ಲಿ ಮೂರು ದಿನದ ಜ್ವರ ಏಳುತ್ತಿತ್ತು. ಜೀವ ತೆಗೆಯುವ ಜ್ವರವಲ್ಲ, ಆದರೆ ಎಲುಬು ಎಲುಬು ಕುಟ್ಟಿ ಹಾಕುತ್ತಿತ್ತು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದರೂ ಏಳಲಾಗದೆ ಮಂದಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಈ ಜ್ವರವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದು ಮರಳು ನೊಣ ಎಂದು ಡಾಕ್ಟರು ಹೇಳುತ್ತಿದ್ದರು.

ಮರಳು ನೊಣ ಎಂದರೆ ಎಳ್ಳಿಗಿಂತ ಸಣ್ಣದು. ಒಣ ಹುಲ್ಲಿನ ಬಣ್ಣ, ಮೈತುಂಬ ರೋಮ, ರೆಕ್ಕೆ ಎರಡೂ ಮೇಲಕ್ಕೆ ಎತ್ತಿಕೊಂಡು ಕೂರುತ್ತದೆ. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಗುಂಯ್ ಎನ್ನುವುದಿಲ್ಲ, ಕಚ್ಚಿದ ಮೇಲೆಯೇ ಗೊತ್ತಾಗುವುದು. ನಮ್ಮ ಊರಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ, ಕಚ್ಚುವುದೆಲ್ಲ ಗುಂಗಾಡವೇ.

ಜ್ವರ ಸಾಗಿಸಬೇಕಾದರೆ ಒಂದು ನೊಣ ಎರಡು ಸಲ ಕಚ್ಚಬೇಕು: ಮೊದಲು ಜ್ವರದವನನ್ನು, ಆಮೇಲೆ ಚೆನ್ನಾಗಿರುವವನನ್ನು. ಡಾಕ್ಟರರ ತಾಪತ್ರಯ ಇಲ್ಲೇ ಇತ್ತು. ಅವರು ಸಾಕಿದ ನೊಣಗಳು ಒಂದು ಸಲ ರಕ್ತ ಕುಡಿದು, ಎರಡನೆಯ ಸಲಕ್ಕೆ ಮೊದಲೇ ಕಾಲು ಚಾಚಿ ಬಿಡುತ್ತಿದ್ದವು. ಹೊಟ್ಟೆ ಸೀಳಿ ನೋಡಿದರೆ ಒಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆದು ಎಲ್ಲ ಹುಳಿತುಹೋಗಿರುತ್ತಿತ್ತಂತೆ. ಮುಂಬೈಯ ಮೇಲಿನವರು ಬೇಸತ್ತು, ಈ ಮಳೆಗಾಲದೊಳಗೆ ಎರಡು ಸಲ ಕಚ್ಚುವ ನೊಣ ತೋರಿಸದಿದ್ದರೆ ನೊಣದ ಕೋಣೆಗೆ ಬೀಗ ಹಾಕಿರಿ ಎಂದಿದ್ದರು. ತೋರಿಸಿದರೆ ಕೆಲಸ ಮುಂದುವರಿಯುತ್ತದೆ, ಗಂಡನ ನೌಕರಿ ಖಾಯಂ ಆಗುತ್ತದೆ, ಇರಲು ಸೊಲ್ಲಾಪುರದಲ್ಲಿ ಒಂದು ಮನೆ ಸಿಗುತ್ತದೆ. ಅಂದರೆ ನನ್ನ ಸಂಸಾರ ಹೂಡುವುದು ಬಿಡುವುದು ಒಂದು ನೊಣದ ಹಸಿವೆಯ ಮೇಲೆ ನಿಂತಿತ್ತು. ಯಾವ ಜೋಯಿಸನೂ ಇದನ್ನು ನನ್ನ ಜಾತಕದಲ್ಲಿ ಓದಿರಲಿಲ್ಲ.

ಸೊಲ್ಲಾಪುರದ ಕೋಣೆಗೆ ತಗಡಿನ ಮಾಡು, ಒಳಗೆ ಕೆಂಡ. ಮರಳು ನೊಣಕ್ಕೆ ತಂಪು ಬೇಕು, ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಜೋಳದ ಚೀಲ ಇಡುವ ಒಳಗೋಣೆ ಒಂದಿತ್ತು: ಮೊಳದಗಲದ ಗೋಡೆ, ಮಣ್ಣಿನ ಮಾಳಿಗೆ, ಹಗಲಲ್ಲೂ ದೀಪ ಬೇಕಾಗುವಷ್ಟು ಕತ್ತಲೆ. ಗಂಡ ಅದನ್ನು ಡಾಕ್ಟರಿಗೆ ಹೇಳಿದರು. ಮುಂದಿನ ಶನಿವಾರವೇ ಗಡಿಗೆ ಬಂತು.

ಗಡಿಗೆಯೊಳಗೆ ಒದ್ದೆ ಮರಳು, ಅದರ ಮೇಲೆ ತಂತಿಗೆ ಮಲ್‌ಮಲ್ ಬಟ್ಟೆ ಹೊಲಿದ ಪುಟ್ಟ ಪಂಜರ, ಹೊರಗೆ ಸುತ್ತಲೂ ಒದ್ದೆ ಮಾಡಿದ ಕೆಂಪು ಅರಿವೆ. ಇದನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಡ ರೈಲಿನಲ್ಲಿ ಕೂತಿದ್ದಾರೆ. ಅಕ್ಕಲಕೋಟೆಗೆ ಹೋಗುವ ರೈಲೆಂದರೆ ಅರ್ಧ ಮಂದಿ ಅಲ್ಲಿನ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಹೊರಟವರು. ಕೆಂಪು ಅರಿವೆಯ ಗಡಿಗೆ ಕಂಡ ಒಬ್ಬ ಮುದುಕಿ ಇದು ಯಾವುದೋ ಕಲಶ ಎಂದು ತಿಳಿದು ಕುಂಕುಮ ಹಚ್ಚಿದಳು. ಇನ್ನೊಬ್ಬಳು ಚೆಂಡುಹೂ ಏರಿಸಿದಳು. ನೊಣ ಎಂದು ಹೇಳಿದರೆ ಗಾಡಿಯಿಂದ ಇಳಿಸಿಯಾರು ಎಂದು ಗಂಡ ಕಣ್ಣು ಮುಚ್ಚಿ ಜಪ ಮಾಡುವವರಂತೆ ಕೂತರಂತೆ. ಮನೆಗೆ ಬಂದಾಗ ಗಡಿಗೆಯ ಮೇಲೆ ಕುಂಕುಮ ಒಂದು ಬೆರಳು ದಪ್ಪ ಇತ್ತು.

ಅತ್ತೆ ಗಡಿಗೆಯೊಳಗೆ ಬಗ್ಗಿ ನೋಡಿ, "ಮಂದಿ ಎಮ್ಮಿ ಸಾಕ್ತಾರ, ನೀ ಗುಂಗಾಡ ಸಾಕಾಕತ್ತೀ?" ಎಂದರು.

"ಯವ್ವಾ, ಇವು ತತ್ತಿಯಿಂದ ಅಲ್ಲೇ ನಮ್ಮ ಕೋಣ್ಯಾಗ ಬೆಳಸಿದ್ವು. ಯಾರನ್ನೂ ಕಚ್ಚಿಲ್ಲ, ಇವುಗಳ ಮೈಯಾಗ ಜ್ವರ ಇಲ್ಲ," ಎಂದು ಗಂಡ ಸಮಾಧಾನ ಹೇಳಿದರು. "ಕಚ್ಚೂದು ಹೆಣ್ಣ ನೊಣಾ ಮಾತ್ರ. ಹೊಟ್ಟ್ಯಾಗ ತತ್ತಿ ಬೆಳೀಬೇಕಾದ್ರ ಅದಕ್ಕ ರಕ್ತ ಬೇಕು. ಗಂಡ ನೊಣಾ ಹೂವಿನ ರಸಾ ಕುಡದು ಆರಾಮ ಇರ್ತದ."

"ಅದು ಎಲ್ಲಾರ ಮನ್ಯಾಗೂ ಹಂಗ ಅದ," ಎಂದರು ಅತ್ತೆ. ಆದರೆ ತತ್ತಿಯ ಮಾತು ಅವರಿಗೆ ನಾಟಿತು. "ಬಸುರಿ ಬಯಕಿ ಅಂದಂಗಾತು. ಇರ್ಲಿ ಬಿಡು."

ಹೀಗೆ ನೊಣಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಹತ್ತಿಯನ್ನು ಸಕ್ಕರೆ ನೀರಲ್ಲಿ ಅದ್ದಿ ಪಂಜರದೊಳಗೆ ಇಡುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಪಂಜರಕ್ಕೆ ಹೊಲಿದ ಬಟ್ಟೆಯ ತೋಳಿನೊಳಗಿಂದ ಕೈ ತೂರಿಸಿ ಕಚ್ಚಿಸಿಕೊಳ್ಳುವುದು. ಮೊದಲ ದಿನವೇ ಫಜೀತಿ. ನನ್ನ ಕೈಯಲ್ಲಿ ಮೊಣಕೈವರೆಗೆ ಮದುವೆಯ ಹಸಿರು ಬಳೆ. ಕೈ ಅಲುಗಿದರೆ ಝಲ್, ನೊಣಗಳು ಕುಪ್ಪಳಿಸಿ ಮೂಲೆಗೆ. ವರ್ಷ ತುಂಬದೆ ಬಳೆ ತೆಗೆಯುವುದನ್ನು ಅತ್ತೆ ಒಪ್ಪುವ ಮಾತೇ ಇರಲಿಲ್ಲ. ಕೊನೆಗೆ ಅವರೇ ಹಳೆ ಧೋತರದ ಪಟ್ಟಿ ಹರಿದು, ಬಳೆಗಳನ್ನು ಮೇಲಕ್ಕೆ ಏರಿಸಿ, ಸದ್ದಾಗದಂತೆ ಬಿಗಿದು ಕಟ್ಟಿದರು. ಆ ಮೇಲೆ ದಿನಾ ಸಂಜೆ ನನ್ನ ಕೈ ಕಟ್ಟುವುದು ಅವರ ಕೆಲಸ, ಕಚ್ಚಿಸಿಕೊಳ್ಳುವುದು ನನ್ನ ಕೆಲಸ. ಕತ್ತಲೆ ಕೋಣೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತು ಇಬ್ಬರೂ ಓಣಿಯ ಸುದ್ದಿಯೆಲ್ಲ ಹೊರಗೆಡವುತ್ತಿದ್ದೆವು. ಅಷ್ಟು ನಗೆಯನ್ನು ಆ ಕೋಣೆ ಅದಕ್ಕೆ ಮೊದಲು ಕೇಳಿರಲಿಕ್ಕಿಲ್ಲ.

ಅತ್ತೆ ಎಂದರೆ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸದ ಹೆಂಗಸು. ಒಂದರಲ್ಲಿ ಮಾತ್ರ ಬಲು ಜಿಪುಣಿ, ಹೆಪ್ಪಿನಲ್ಲಿ. ಅವರ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಆ ಹೆಪ್ಪು ಅವರ ಅತ್ತೆಯ ಅತ್ತೆಯ ಕಾಲದಿಂದ ಒಂದು ದಿನವೂ ಕಡಿಯದೆ ಬಂದದ್ದು. ಹೆಪ್ಪು ಹೊಸ್ತಿಲು ದಾಟಿದರೆ ಮನೆಯ ಹೈನ ಹೋಗುತ್ತದೆ, ಎಮ್ಮೆ ಬತ್ತುತ್ತದೆ ಎಂದು ನಮ್ಮ ಕಡೆ ನಂಬಿಕೆ. ಓಣಿಯವರು ಮಜ್ಜಿಗೆ ಕೇಳಿದರೆ ತಂಬಿಗೆ ತುಂಬಾ ಕೊಡುತ್ತಿದ್ದರು, ಆದರೆ ಅದಕ್ಕೆ ಮೊದಲು ಒಂದು ಹಿಡಿ ಉಪ್ಪು ಹಾಕಿ ಕಲಕಿಬಿಡುತ್ತಿದ್ದರು. ಉಪ್ಪು ಬಿದ್ದ ಮಜ್ಜಿಗೆಯಿಂದ ಯಾರೂ ಹೆಪ್ಪು ಹಾಕಲಾರರು. ಮಗಳು ತವರಿಗೆ ಬಂದು ಅತ್ತರೂ ಕೊಟ್ಟಿರಲಿಲ್ಲವಂತೆ.

ಮೊದಲ ಗಡಿಗೆಯ ನೊಣಗಳು ಸತ್ತವು. ಎರಡನೆಯ ಗಡಿಗೆಯವೂ ಸತ್ತವು. ಸಕ್ಕರೆ ನೀರಿನ ಹತ್ತಿ ಮಧ್ಯಾಹ್ನಕ್ಕೇ ಹುಳಿವಾಸನೆ ಬರುತ್ತಿತ್ತು. ನಾನು ಮಾತ್ರ ದಿನಾ ತಪ್ಪದೆ ಕೈ ಕೊಡುತ್ತಿದ್ದೆ. ಹೊಟ್ಟೆ ತುಂಬಿದ್ದು ಸಾಯುವುದೆಂದರೆ ಏನು ಎಂದು ಸಿಟ್ಟು ಬರುತ್ತಿತ್ತು. ಒಂದು ಸಂಜೆ ಪಂಜರಕ್ಕೆ, "ನಿಮಗ ನನ್ನ ರಕ್ತ ಸೇರಂಗಿಲ್ಲೇನು?" ಎಂದು ಕೂಗಾಡಿದ್ದೂ ಉಂಟು.

ನಾಗರ ಅಮಾವಾಸ್ಯೆಯ ದಿನ ಗಂಡ ಮೂರನೆಯ ಗಡಿಗೆ ತಂದರು. ಜೊತೆಗೆ ಪ್ರತಿ ವರ್ಷದ ರೂಢಿಯಂತೆ ಅತ್ತೆಯ ಶ್ರಾವಣದ ಉಪವಾಸಕ್ಕೆಂದು ಒಂದು ಪುಡಿಕೆ ಮನೂಕ, ಅಂದರೆ ಒಣದ್ರಾಕ್ಷಿ. "ಇದು ಕಡೀ ಗಡಿಗಿ," ಎಂದು ನನ್ನೊಬ್ಬಳಿಗೇ ಹೇಳಿದರು. "ಇವು ಸತ್ರ ಡಾಕ್ಟರ ಸಾಹೇಬ್ರು ಪುಣೆಕ ಹೊಂಟ್ರು, ನಾ ಮತ್ತ ಕೆಲಸಾ ಹುಡುಕಬೇಕು." ಆ ಸಂಜೆ ನೊಣಗಳು ನನ್ನ ಕೈಗೆ ಕಚ್ಚಿ ಕೆಂಪಗಾದವು. ಮರುದಿನ ಗಂಡ ಭಂಡಾರಕವಠೆ ಕಡೆಯ ಹಳ್ಳಿಗಳಲ್ಲಿ ಜ್ವರ ನೋಡಲು ಡಾಕ್ಟರ ಜೊತೆ ಹೊರಟರು. ಅಲ್ಲಿಂದ ಇಬ್ಬರೂ ನೇರ ನಮ್ಮ ಮನೆಗೇ ಬಂದು, ನೊಣ ಎರಡನೆಯ ಸಲ ಕಚ್ಚುತ್ತದೋ ಇಲ್ಲವೋ ನೋಡುವುದು ಎಂದಾಗಿತ್ತು.

ಶ್ರಾವಣದ ಮೊದಲ ದಿನ ಸಂಜೆ ನಾನು ಎಂದಿನಂತೆ ಧೋತರದ ಪಟ್ಟಿ ಹಿಡಿದು ಅತ್ತೆಯ ಮುಂದೆ ಕೈ ಚಾಚಿದೆ. ಅವರು ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುವವರಿದ್ದರು.

"ಇವತ್ತಿನಿಂದ ಇಲ್ಲ," ಎಂದರು. "ಶ್ರಾವಣದಾಗ ಈ ಮನಿಯೊಳಗ ಒಬ್ಬರ ರಕ್ತಾ ಒಬ್ಬರು ಕುಡಿಯಂಗಿಲ್ಲ."

"ಅತ್ಯಾರ, ಅವು ಸಾಯ್ತಾವ್ರಿ!"

"ಶ್ರಾವಣ ಮಾಡಿ ಯಾರೂ ಸತ್ತಿಲ್ಲ. ನಾವು ಉಪಾಸ ಮಾಡೂದಿಲ್ಲೇನು? ಅವೂ ಮಾಡ್ಲಿ."

ನಮ್ಮ ಮನೆಯ ತಿಗಣೆಗಳಿಗೆ ಈ ಕಟ್ಟಳೆಯನ್ನು ಯಾರೂ ತಿಳಿಸಿರಲಿಲ್ಲ, ಅವು ಶ್ರಾವಣವಿಡೀ ನಮ್ಮ ರಕ್ತ ಕುಡಿದೇ ಕುಡಿದವು. ಅದನ್ನು ಅತ್ತೆಗೆ ಹೇಳುವ ಧೈರ್ಯ ಸೊಸೆಯ ಬಾಯಿಗೆ ಬರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಹಿಟ್ಟಿಗೆ ಕಣ್ಣೀರು ಬೆರೆಸಿದೆ. ಅಷ್ಟರಲ್ಲಿ ಪೂಜೆ ಮುಗಿಸಿದ ಅತ್ತೆ ಒಂದು ವಾಟಗದಲ್ಲಿ ನೆನೆಹಾಕಿದ ಮನೂಕ ಹಿಡಿದು ಒಳಗೋಣೆಗೆ ಹೋದರು. ಹುಳಿತ ಹತ್ತಿಯನ್ನು ಚಿವುಟಿ ಹೊರಗೆ ಎಸೆದು, ಮನೂಕವನ್ನು ಉಗುರಿನಿಂದ ಸೀಳಿ ಪಂಜರದೊಳಗೆ ಇಟ್ಟರು.

"ಏನ್ ಮಾಡಾಕತ್ತೀರಿ?" ಎಂದೆ.

"ಉಪಾಸಕ್ಕ ಫಳಾರ ಬ್ಯಾಡೇನು? ಬರೇ ಹೊಟ್ಟೀಲೆ ಉಪಾಸ ಹಿಡಸಾಕ ನಾ ಏನ್ ರಾಕ್ಷಸಿ ಏನು?"

ದಿನಾ ಬೆಳಿಗ್ಗೆ ತಮ್ಮ ಪಾಲಿನ ಮನೂಕದಲ್ಲಿ ಮೊದಲು ನೊಣಗಳಿಗೆ ತೆಗೆದಿಟ್ಟು, ನಿನ್ನೆಯದನ್ನು ತೆಗೆದು ಹೊಸದನ್ನು ಇಟ್ಟು, ಆಮೇಲೆ ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಓಣಿಯ ಒಬ್ಬಾಕೆ ನೀರಿಗೆ ಹೋದಾಗ ನನ್ನ ಕಿವಿಯಲ್ಲಿ, "ನಿಮ್ಮತ್ತಿ ಶಾಣ್ಯಾಕಿ ಬಿಡು. ಗುಂಗಾಡ ಸತ್ರ ಸೊಸಿ ಮನ್ಯಾಗ ಉಳೀತಾಳ," ಎಂದಳು. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅತ್ತೆಗೆ ನನ್ನನ್ನು ಬಿಟ್ಟರೆ ನಗುವ ಜೊತೆ ಇನ್ನೊಂದಿಲ್ಲ ಎಂಬುದು ನನಗೂ ಗೊತ್ತಿತ್ತು.

ಆದರೆ ನೊಣಗಳು ಸಾಯಲಿಲ್ಲ! ಬೆಳಿಗ್ಗೆ ಎದ್ದವಳೇ ದೀಪ ಹಿಡಿದು ಓಡುತ್ತಿದ್ದೆ. ಮನೂಕದ ಮೇಲೆ ರೆಕ್ಕೆ ಎತ್ತಿ ಕೂತಿರುತ್ತಿದ್ದವು. ತತ್ತಿ ಇಟ್ಟವು, ಇಟ್ಟ ಮೇಲೂ ಬದುಕಿದವು. ಇಷ್ಟು ದಿನಕ್ಕೆ ಹಿಂದಿನ ಗಡಿಗೆಯವು ಎಂದೋ ಮಣ್ಣಾಗಿದ್ದವು. ಮೊದಲ ಸೋಮವಾರ ಹೋಯಿತು, ನಾಗಪಂಚಮಿಯ ಉಂಡಿ ತಿಂದು ಜೋಕಾಲಿ ಜೀಕಿದ್ದೂ ಆಯಿತು, ನಾನು ಜೋಕಾಲಿಯಿಂದ ಇಳಿದು ನೇರ ನೊಣದ ಕೋಣೆಗೆ. ಸಂತೋಷಕ್ಕೆ ಕುಣಿಯಬೇಕು ಎನ್ನಿಸುತ್ತಿತ್ತು, ಕುಣಿದೂಬಿಟ್ಟೆ ಒಂದು ದಿನ, ಜೋಳದ ಚೀಲಗಳ ನಡುವೆ.

ಡಾಕ್ಟರು ಟಾಂಗಾದಿಂದ ಇಳಿದದ್ದು ಒಂದು ಇಳಿಹೊತ್ತು. ಕೈಯಲ್ಲಿ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನು, ಅಂದರೆ ಸೂಕ್ಷ್ಮದರ್ಶಕ. ಹಿಂದೆ ಧೂಳು ಮೆತ್ತಿದ ನನ್ನ ಗಂಡ. ಕತ್ತಲೆ ಕೋಣೆಗೆ ಹೋಗಿ ನೋಡಿದ ಡಾಕ್ಟರು, "ಕಾಯ್ ಸಾಂಗತಾ! ಏನ್ ಹೇಳ್ತೀರಿ! ಇವು ಅಮಾಸಿ ನೊಣಾ? ಖರೇ?" ಎಂದು ಮತ್ತೆ ಮತ್ತೆ ಕೇಳಿದರು. ಮರಾಠಿ ಕನ್ನಡ ಎರಡೂ ಅವರ ಬಾಯಲ್ಲಿ ಒಂದನ್ನೊಂದು ತುಳಿಯುತ್ತಿದ್ದವು. "ಆತಾ, ಈಗ ಕೈ ತರ್ರಿ, ಎರಡನೇ ಸಲಾ ಕಡೀತಾವೇನ್ ನೋಡೂಣು."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಶ್ರಾವಣ ಇನ್ನೂ ಮುಗಿದಿರಲಿಲ್ಲ.

ಗಂಡ, "ಯವ್ವಾ..." ಎಂದರು.

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ, ಪಂಜರವನ್ನು ಗಡಿಗೆಯಿಂದ ತೆಗೆದು ಎತ್ತಿಕೊಂಡು ನಡುಮನೆ ದಾಟಿ, ತಲೆಬಾಗಿಲ ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಕೂತರು. "ಮನಿಯೊಳಗ ಆಗಂಗಿಲ್ಲ ಅಂದೀನಿ. ಇದು ಮನಿ ಹೊರಗ," ಎಂದರು. ನಾನು ಬಳೆ ಏರಿಸುತ್ತ ಮುಂದೆ ಬಂದೆ. "ನೀ ಸರಿ. ಇಷ್ಟ ದಿನ ನಿನ್ನ ಕೈ ಆತು," ಎಂದು ತಮ್ಮ ಕೈಯನ್ನೇ ಬಟ್ಟೆಯ ತೋಳಿನೊಳಗೆ ತೂರಿಸಿದರು.

ದೀಪ ಹಚ್ಚುವ ಹೊತ್ತು. ದನ ಮನೆಗೆ ಬರುತ್ತಿದ್ದವು. ಡಾಕ್ಟರು ಕಟ್ಟೆಯ ಪಕ್ಕ ಮಣ್ಣಲ್ಲೇ ಮೊಣಕಾಲೂರಿ ಕೂತರು. ನೊಣಗಳು ಕುಪ್ಪಳಿಸಿದವು, ಅತ್ತೆಯ ಮುಂಗೈ ಹತ್ತಿದವು, ಇಳಿದವು, ಬಟ್ಟೆಗೆ ಅಂಟಿಕೊಂಡವು. ಯಾವುದೂ ಕಚ್ಚಲೊಲ್ಲದು. ಕಚ್ಚಿದರೆ ನಾನು ಸೊಲ್ಲಾಪುರಕ್ಕೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಕಚ್ಚಲಿ ಕಚ್ಚಲಿ ಎಂದು ಮನಸ್ಸು ಬೇಡುತ್ತಿತ್ತು, ಆ ಸುಕ್ಕುಗಟ್ಟಿದ ಕೈ ಬಿಟ್ಟು ಹೋಗುವುದು ಬೇಡ ಎಂದೂ ಅನ್ನುತ್ತಿತ್ತು. ಅಷ್ಟರಲ್ಲಿ ಒಂದು ನೊಣ ಅತ್ತೆಯ ಮಣಿಕಟ್ಟಿನ ಹತ್ತಿರ ಕೂತು ಅಲುಗಾಡದೆ ನಿಂತಿತು. ಅದರ ಹೊಟ್ಟೆ ಮೆಲ್ಲಗೆ ಕೆಂಪೇರಿತು.

"ಚಾವಲೀ! ಚಾವಲೀ!" ಎಂದು ಡಾಕ್ಟರು ಎದ್ದು ಕೂಗಿದರು. ಮರಾಠಿಯಲ್ಲಿ ಕಚ್ಚಿತು ಎಂದು. ಓಣಿ ಎಂದರೆ ಓಣಿ. ಹಾವೋ ಚೇಳೋ ಕಚ್ಚಿರಬೇಕೆಂದು ಮಂದಿ ಬಡಿಗೆ, ಅರಿಶಿನ, ಬೇವಿನ ತಪ್ಪಲು ಹಿಡಿದು ಓಡಿಬಂದರು. ಬಂದು ನೋಡಿದರೆ ದೊಡ್ಡ ಡಾಕ್ಟರು ಗಾಂಧಿ ಟೋಪಿ ಗಾಳಿಗೆ ಎಸೆದು ಹಿಡಿಯುತ್ತಿದ್ದಾರೆ, ಮನೆಯ ಮಗ ಅವ್ವನ ಕಾಲಿಗೆ ಬಿದ್ದಿದ್ದಾನೆ, ಅತ್ತೆ, "ಸುಮ್ಮನಿರ್ರಿ, ಅದು ಉಣ್ಣಾಕತ್ತದ," ಎಂದು ಎಲ್ಲರನ್ನೂ ಗದರುತ್ತಿದ್ದಾರೆ.

ಆಮೇಲೆ ಡಾಕ್ಟರು ಪಡಸಾಲೆಯಲ್ಲಿ ದುರ್ಬೀನು ಹೂಡಿ, ಮನೂಕ ತಿಂದು ಬೆಳೆದ ಒಂದು ನೊಣದ ಕರುಳನ್ನು ಸೂಜಿಯಿಂದ ಬಿಡಿಸಿ ಗಾಜಿನ ಮೇಲೆ ಇಟ್ಟು, ಮೊದಲು ಅತ್ತೆಗೇ ತೋರಿಸಿದರು. ಅತ್ತೆ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಯವ್ವಾ, ಏನಿದು ಇಷ್ಟ ಮಂದಿ! ಇವರಿಗೆಲ್ಲಾ ರೊಟ್ಟಿ ಬಡಿಯಾಕಿ ಯಾರು?"

ನಾನೂ ನೋಡಿದೆ. ಗುಂಡಗಿನವು, ಉದ್ದನೆಯವು, ಕೆಲವು ಕೂತಲ್ಲೇ ನಡುಗುತ್ತಿದ್ದವು, ಕೆಲವು ಅತ್ತಿಂದಿತ್ತ ಓಡುತ್ತಿದ್ದವು. ಎಳ್ಳಿಗಿಂತ ಸಣ್ಣ ಹೊಟ್ಟೆಯೊಳಗೆ ಒಂದು ಊರೇ ಇತ್ತು. ಇವೆಲ್ಲ ರೋಗವೇ ಎಂದು ಕೇಳಿದೆ.

"ನಾಹೀ, ನಾಹೀ," ಎಂದರು ಡಾಕ್ಟರು. "ರೋಗ ಅಂದ್ರ ಅಲ್ಲೆ ಬಂದು ಹೋಗೋ ಪಾವ್ಹಣಾ. ಇವರು ಮನೀ ಮಂದಿ. ರಕ್ತದ ಮ್ಯಾಲೆ ದಿನಾ ಹುಳಿತ ಸಕ್ಕರಿ ಹಾಕಿದ್ರ ಒಂದ ಜಾತಿ ಉಬ್ಬಿ ಮನೀನೇ ಮುಳುಗಸ್ತದ. ಹಣ್ಣ ಕೊಟ್ರ ಎಲ್ಲಾರೂ ಹೊಂದಿಕೊಂಡು ಇರ್ತಾರ. ಹಿಂಗ ಅನಸ್ತದ, ಪೂರ್ತಿ ನನಗೂ ತಿಳದಿಲ್ಲ." ಆಮೇಲೆ ಊಟದಲ್ಲಿ ಅತ್ತೆಯ ಮೊಸರಿಗೆ ಬೆರಳು ಹಚ್ಚಿ, ಹಾಲನ್ನು ಹೀಗೆ ಮಾಡುವವರೂ ಅದೇ ಜಾತಿಯ ಸಣ್ಣ ಮಂದಿಯೇ ಎಂದರು. ನಮ್ಮ ಹೆಪ್ಪಿನೊಳಗೆ ಅತ್ತೆಯ ಅತ್ತೆಯ ಕಾಲದ ಸಂಸಾರವೇ ಕೂತಿದೆ ಎಂದು ಕೇಳಿ ಅತ್ತೆ ಹೆಮ್ಮೆಯಿಂದ ಇನ್ನೊಂದು ಸೌಟು ಬಡಿಸಿದರು.

ಸೊಲ್ಲಾಪುರದ ಮನೆ ದಸರೆಗೆ ಮೊದಲೇ ಸಿಕ್ಕಿತು. ಹೊರಡುವ ದಿನ ಟಾಂಗಾ ಬಾಗಿಲಲ್ಲಿ ನಿಂತಿದೆ, ನಾನು ಒಳಗೆ ಅತ್ತೆಯ ಕಾಲು ಮುಟ್ಟಿ ಎದ್ದವಳು ಕೇಳಿಯೇ ಬಿಟ್ಟೆ: "ನೊಣಾ ಬದುಕಿದ್ರ ನಾ ಹೋಗ್ತೀನಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿಲ್ಲದ ಏನು? ಅವು ಸತ್ರ ನೀ ಇಲ್ಲೇ ಉಳೀತಿದ್ದಿ," ಎಂದರು. "ಆದ್ರ ನನ್ನ ಮನ್ಯಾಗ ಹಸಗೊಂಡು ಯಾರೂ ಸಾಯಬಾರದು, ಗುಂಗಾಡ ಆದ್ರೂ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ನೊಣ ಬಂದಿದ್ದ ಅದೇ ಕೆಂಪು ಅರಿವೆಯನ್ನು ಸುತ್ತಿದ ಒಂದು ಪುಟ್ಟ ಕುಡಿಕೆಯನ್ನು ನನ್ನ ಕೈಗಿಟ್ಟರು. ಬಗ್ಗಿ ಮೂಸಿದೆ. ಹೆಪ್ಪು! ಉಪ್ಪು ಹಾಕದ, ಅಸಲು ಹೆಪ್ಪು.

"ಅತ್ಯಾರ, ಇದು ಹೊಸ್ತಿಲಾ ದಾಟಬಾರದು ಅಂತೀರಲ್ರಿ! ಹೈನ ಹೋಗ್ತದಲ್ರಿ!"

"ಹೊರಗಿನವರಿಗೆ ಕೊಟ್ರ ಹೋಗ್ತದ. ನೀ ಹೊರಗಿನಾಕಿ ಏನು?" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಟಾಂಗಾ ಹತ್ತಿಸಿದರು.

ರೈಲಿನಲ್ಲಿ ಕುಡಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದರ್ಶನ ಮುಗಿಸಿ ಮರಳುತ್ತಿದ್ದ ಒಬ್ಬ ಮುದುಕಿ ಕೆಂಪು ಅರಿವೆ ಕಂಡು ಕುಂಕುಮ ಹಚ್ಚಿ ಕೈ ಮುಗಿದಳು. ಗಂಡ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ನಾನು ನಗಲಿಲ್ಲ, ಮುದುಕಿಯ ಜೊತೆ ನಾನೂ ಕೈ ಮುಗಿದೆ.

ಹೊಸ ಮನೆಯಲ್ಲಿ ಮೊದಲ ಸಂಜೆ ಹಾಲು ಕಾಸಿ ಹೆಪ್ಪು ಹಾಕಿದೆ. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಮೊಸರು ಕಲ್ಲಿನಂತೆ ಕೂತಿತ್ತು, ಅಕ್ಕಲಕೋಟೆಯ ರುಚಿಯೇ. ಮಜ್ಜಿಗೆ ಕಡೆಯುತ್ತಿದ್ದಾಗ ನೆರೆಮನೆಯಾಕೆ ತಂಬಿಗೆ ಹಿಡಿದು ಬಂದು, "ಹೊಸದಾಗಿ ಬಂದೀರೇನ್ರಿ? ಒಂಚೂರು ಮಜ್ಜಿಗಿ ಇದ್ರ ಕೊಡ್ರಿ," ಎಂದಳು. ಬರ್ರಿ ಎಂದು ಒಳಗೆ ಕರೆದು ಕೂರಿಸಿ, ತಂಬಿಗೆ ತುಂಬಿದೆ. ಆಮೇಲೆ ಒಂದು ಹಿಡಿ ಉಪ್ಪು ಹಾಕಿ ಚೆನ್ನಾಗಿ ಕಲಕಿ ಕೊಟ್ಟೆ.